ಗಜೇಂದ್ರಗಡದ ಗಾಳಿ, ಟೊರಾಂಟೊದ ಷೇರು: ಕೆನಡಾ ಕಂಪನಿಗೆ ರೊಕ್ಕ ಹಾಕುವ ಮುಂಚೆ

"ಅಣ್ಣಾ, ಕೆನಡಾದ ಷೇರು ತಗೋಬೇಕಂತ ಮಾಡೀನಿ. ಯಾವ್ದು ಛಲೋ ಐತಿ?"

ಕಳೆದ ತಿಂಗಳು ಗಜೇಂದ್ರಗಡದ ಬಸ್ ಸ್ಟ್ಯಾಂಡ್ ಹತ್ತಿರ ಗಿರ್ಮಿಟ್ ತಿನ್ನುವಾಗ ಬಂದ ಪ್ರಶ್ನೆ ಇದು. ಕೇಳಿದವನಿಗೆ 24 ವರ್ಷ, ಡಿಪ್ಲೊಮಾ ಮುಗಿಸಿದ್ದಾನೆ, ಕೆಲಸ ಇನ್ನೂ ಸಿಕ್ಕಿಲ್ಲ. ಅವನ ಮನೆಯವರು ಗುಡ್ಡದ ಕಡೆಯ ಎರಡು ಎಕರೆಯನ್ನು ಗಾಳಿ ವಿದ್ಯುತ್ ಕಂಪನಿಯೊಂದಕ್ಕೆ ಮಾರಿದ್ದಾರೆ. ಬೋರ್‌ವೆಲ್ ಸಾಲ, ಅಕ್ಕನ ಮದುವೆಯ ಸಾಲ ಎಲ್ಲ ತೀರಿ ಕೈಯಲ್ಲಿ 4 ಲಕ್ಷ ಉಳಿದಿದೆ. ಜೊತೆಗೆ ಓದಿದ ಗೆಳೆಯ ಬ್ರಾಂಪ್ಟನ್‌ನಲ್ಲಿದ್ದಾನೆ. ವಾಟ್ಸಾಪ್‌ನಲ್ಲಿ ತನ್ನ ಷೇರುಗಳ ಸ್ಕ್ರೀನ್‌ಶಾಟ್ ಕಳಿಸುತ್ತಿರುತ್ತಾನೆ. ಎಲ್ಲ ಹಸಿರು.

ನಾನು ರೋಣದವನು. ಷೇರು ಅಂದರೆ ಜೂಜು ಅನ್ನುವ ಮನೆಯಲ್ಲಿ ಬೆಳೆದವನು. ಈಗ ಹಾಗನ್ನಿಸುವುದಿಲ್ಲ. ಹಾಗಂತ ಆ ಹುಡುಗನಿಗೆ ಒಂದು ಕಂಪನಿಯ ಹೆಸರು ಹೇಳಿ ಎದ್ದು ಬರುವುದಕ್ಕೂ ಆಗಲಿಲ್ಲ. ಹೊಲ ಹೋಗಿ ರೊಕ್ಕ ಆಗಿದೆ. ಆ ರೊಕ್ಕವೂ ಹೋದರೆ ಆ ಮನೆಗೆ ಮತ್ತೆ ಮಾರುವುದಕ್ಕೆ ಏನೂ ಉಳಿದಿಲ್ಲ.

ಅವತ್ತು ಮಾತಾಡಿದ್ದು, ಆಮೇಲೆ ನಾನು ಕೂತು ಓದಿದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಕಣ್ಣಿಗೆ ಕಾಣುವ ಫ್ಯಾನು

ಅವನ ಮೊದಲ ವಾದ ಹೀಗಿತ್ತು: "ನಮಗ ಗೊತ್ತಿರೋ ಧಂದೆದಾಗ ಹಾಕಬೇಕಲ್ಲ ಅಣ್ಣಾ? ಗಾಳಿ ಫ್ಯಾನು ನಮಗ ಗೊತ್ತೈತಿ. ದಿನಾ ನೋಡ್ತೀವಿ."

ಕೇಳಲು ಸರಿ ಅನ್ನಿಸುತ್ತದೆ. ಆದರೆ ಗುಡ್ಡದ ಮೇಲೆ ತಿರುಗುವ ಒಂದು ಫ್ಯಾನಿನ ಹಿಂದೆ ಎಷ್ಟು ಕಂಪನಿಗಳಿರುತ್ತವೆ ನೋಡಿ. ಯಂತ್ರ ತಯಾರಿಸಿದವರು ಒಬ್ಬರು. ಘಟಕದ ಒಡೆಯರು ಇನ್ನೊಬ್ಬರು. ಕರೆಂಟು ಕೊಳ್ಳುವವರು ಮತ್ತೊಬ್ಬರು. ಸಾಲ ಕೊಟ್ಟ ಬ್ಯಾಂಕು ಬೇರೆಯೇ. ಕಂಬದ ಮೇಲಿನ ಹೆಸರು ಬಹಳ ಸಲ ತಯಾರಕರದ್ದು. ಗಾಳಿ ಚೆನ್ನಾಗಿ ಬೀಸಿದ ವರ್ಷ ಘಟಕದ ಒಡೆಯನಿಗೆ ಲಾಭವಾಗಬಹುದು, ಅದೇ ವರ್ಷ ತಯಾರಕ ದಿವಾಳಿಯ ಅಂಚಿನಲ್ಲಿರಬಹುದು.

ಸುಜ್ಲಾನ್ ಕಥೆ ಹಾಗೇ ಆಯಿತು. 2005ರಲ್ಲಿ ಐಪಿಒ ಬಂದಾಗ ಷೇರಿಗೆ 510 ರೂಪಾಯಿ. 2008ರಲ್ಲಿ ಒಂದು ಷೇರು ಐದಾಗಿ ಒಡೆಯಿತು, ಅಂದರೆ ಇವತ್ತಿನ ಲೆಕ್ಕದಲ್ಲಿ ಐಪಿಒ ಬೆಲೆ 102 ರೂಪಾಯಿ. ಕಂಪನಿ ವಿದೇಶದಲ್ಲಿ ದೊಡ್ಡ ಖರೀದಿ ಮಾಡಿ ಸಾಲ ಏರಿಸಿಕೊಂಡಿತು. 2012ರಲ್ಲಿ ವಿದೇಶಿ ಬಾಂಡುಗಳ ಹಣ ಹಿಂದಿರುಗಿಸಲು ಆಗಲಿಲ್ಲ. 2020ರ ಮಾರ್ಚ್‌ನಲ್ಲಿ ಷೇರು 2 ರೂಪಾಯಿಗೂ ಕೆಳಗೆ ಬಿತ್ತು. ಆ ಹೊತ್ತಿಗೆ ಕೊಂಡವರು ಈಗ ಹೀರೋಗಳು, ರೀಲ್ಸ್‌ಗಳಲ್ಲಿ ಬರುವುದು ಅವರ ಕಥೆಯೇ. 2024ರ ಸೆಪ್ಟೆಂಬರ್‌ನಲ್ಲಿ ಷೇರು 86ರವರೆಗೆ ಏರಿತು ನಿಜ. ಆದರೆ 2005ರಲ್ಲಿ ಐಪಿಒದಲ್ಲಿ ಕೊಂಡು 19 ವರ್ಷ ಕಾದವರಿಗೆ ಆ 86ರಲ್ಲೂ ಅಸಲು ಬಂದಿರಲಿಲ್ಲ.

ಅಷ್ಟೂ ವರ್ಷ ಫ್ಯಾನುಗಳು ತಿರುಗುತ್ತಲೇ ಇದ್ದವು. ಫ್ಯಾನು ನೋಡಿದವರಿಗೆ ಸಾಲ ಕಾಣುವುದಿಲ್ಲ. ಸಾಲ ತೀರಿಸಲು, ಬಂಡವಾಳ ಎತ್ತಲು ಕಂಪನಿ ಹೊಸ ಹೊಸ ಷೇರು ಹಂಚಿದ್ದೂ ಕಾಣುವುದಿಲ್ಲ. ಸುಜ್ಲಾನ್‌ನಲ್ಲಿ ಈಗ 1,300 ಕೋಟಿಗೂ ಹೆಚ್ಚು ಷೇರುಗಳಿವೆ. ಒಂದೇ ರೊಟ್ಟಿಯನ್ನು ಎಷ್ಟು ಮಂದಿಗೆ ಹರಿದು ಕೊಟ್ಟರು ಅನ್ನುವುದು ರೊಟ್ಟಿಯ ಗಾತ್ರದಷ್ಟೇ ಮುಖ್ಯ.

ಗೊಬ್ಬರದ ಚೀಲದಿಂದ ಸಸ್ಕಚೆವಾನ್‌ಗೆ

"ಹಂಗಾದ್ರ ಕೆನಡಾದ್ದು ನಮಗೇನೂ ಗೊತ್ತಿಲ್ಲಂತಾತು" ಅಂದ. ಗೊತ್ತಿದೆ, ಅಂದೆ. ನಮ್ಮ ಎರೆಹೊಲಕ್ಕೆ ಪೊಟ್ಯಾಶ್ ಬೇಕಾಗುವುದು ಕಡಿಮೆ, ಆದರೂ ಮೆಣಸಿನಕಾಯಿಗೆ, ಉಳ್ಳಾಗಡ್ಡಿಗೆ 10:26:26 ಹಾಕುವವರು ರೋಣದಲ್ಲೂ ಇದ್ದಾರೆ, ನರಗುಂದದಲ್ಲೂ ಇದ್ದಾರೆ. ಅದರಲ್ಲಿನ ಕೊನೆಯ 26 ಪೊಟ್ಯಾಶ್. ಭಾರತ ಗೊಬ್ಬರಕ್ಕೆ ಬಳಸುವ ಪೊಟ್ಯಾಶ್‌ಗೆ ಪೂರ್ತಿ ಆಮದನ್ನೇ ನಂಬಿದೆ. ಅದನ್ನು ಮಾರುವ ದೊಡ್ಡ ದೇಶಗಳಲ್ಲಿ ಕೆನಡಾ ಒಂದು. ಅಲ್ಲಿನ ಸಸ್ಕಚೆವಾನ್ ಪ್ರಾಂತ್ಯದ ಗಣಿಗಳ ದೊಡ್ಡ ಕಂಪನಿ ನ್ಯೂಟ್ರಿಯನ್. 2018ರಲ್ಲಿ ಎರಡು ಕಂಪನಿ ಸೇರಿ ಹುಟ್ಟಿದ್ದು, ಟೊರಾಂಟೊ ಮತ್ತು ನ್ಯೂಯಾರ್ಕ್ ಎರಡೂ ಕಡೆ ಷೇರು ಸಿಗುತ್ತದೆ.

ಈಗ 2022ಕ್ಕೆ ಹೋಗೋಣ. ಬೆಲಾರುಸ್ ಮೇಲೆ ನಿರ್ಬಂಧ, ಆಮೇಲೆ ರಷ್ಯಾ–ಉಕ್ರೇನ್ ಯುದ್ಧ. ಪೊಟ್ಯಾಶ್ ಮಾರುವ ಇನ್ನೆರಡು ದೊಡ್ಡ ದೇಶಗಳು ಅವೇ. ಭಾರತ ಆ ಫೆಬ್ರವರಿಯಲ್ಲಿ ಟನ್ನಿಗೆ 590 ಡಾಲರ್‌ಗೆ ಒಪ್ಪಂದ ಮಾಡಿಕೊಂಡಿತು. ಇಲ್ಲಿ 50 ಕೆ.ಜಿ. ಪೊಟ್ಯಾಶ್ ಚೀಲ 1,700 ರೂಪಾಯಿ ಮುಟ್ಟಿತು. ಮುಂಗಾರಿನ ಹೊತ್ತಿಗೆ ಗೊಬ್ಬರದ ಅಂಗಡಿ ಮುಂದೆ ನಿಂತ ಯಾವ ರೈತನಿಗಾದರೂ "ಈ ಕಂಪನಿಯವರು ಭಾರಿ ರೊಕ್ಕ ಮಾಡಾಕತ್ತಾರ" ಅನ್ನಿಸಿದ್ದರೆ ಅದು ತಪ್ಪಲ್ಲ. ಮಾಡುತ್ತಿದ್ದರು.

ಆದರೆ ನ್ಯೂಟ್ರಿಯನ್ ಷೇರು ಏಪ್ರಿಲ್‌ನಲ್ಲೇ 110 ಅಮೆರಿಕನ್ ಡಾಲರ್ ದಾಟಿ ಇಳಿಯಲು ಶುರುವಾಗಿತ್ತು. ಮುಂದಿನ ವರ್ಷ ಭಾರತದ ಒಪ್ಪಂದದ ಬೆಲೆ 422 ಡಾಲರ್‌ಗೆ ಇಳಿಯಿತು, ಆಮೇಲೆ ಇನ್ನೂ ಕೆಳಗೆ. 2024ರ ಕೊನೆಗೆ ಷೇರು 50 ಡಾಲರ್‌ಗೂ ಕಡಿಮೆ. ರೈತನ ಅನುಭವ ಸುಳ್ಳಲ್ಲ, ಆದರೆ ಅದು ತಡ. ಚೀಲದ ಬೆಲೆ ರೋಣಕ್ಕೆ ಬಂದು ಮುಟ್ಟುವ ಹೊತ್ತಿಗೆ ಅದರ ಹಿಂದಿನ ಸುದ್ದಿ ಷೇರಿನ ಬೆಲೆಯಲ್ಲಿ ಎಂದೋ ಕೂತುಬಿಟ್ಟಿರುತ್ತದೆ. ಉಳ್ಳಾಗಡ್ಡಿಗೆ ರೇಟ್ ಬಂದಿದೆ ಅಂತ ಕೇಳಿ ಎಲ್ಲರೂ ಉಳ್ಳಾಗಡ್ಡಿ ಹಾಕಿದ ವರ್ಷ ಏನಾಗುತ್ತದೆ ಅಂತ ಗದಗ ಜಿಲ್ಲೆಯವರಿಗೆ ನಾನು ವಿವರಿಸಬೇಕಿಲ್ಲ.

ಕೆನಡಾ ಮಾರುಕಟ್ಟೆಯ ಬಗ್ಗೆ ಇನ್ನೊಂದು ಮಾತು. ಟೊರಾಂಟೊದ ಮುಖ್ಯ ಸೂಚ್ಯಂಕದಲ್ಲಿ ಮೂರನೇ ಒಂದರಷ್ಟು ಬ್ಯಾಂಕು–ವಿಮೆ, ಉಳಿದದ್ದರಲ್ಲಿ ದೊಡ್ಡ ಪಾಲು ತೈಲ, ಅನಿಲ, ಗಣಿ. ಅಂದರೆ "ಕೆನಡಾ ಕೊಳ್ಳುತ್ತೇನೆ" ಅಂದರೆ ಹೆಚ್ಚೂಕಡಿಮೆ ಸಾಲ ಕೊಡುವವರನ್ನೂ ನೆಲ ಅಗೆಯುವವರನ್ನೂ ಕೊಳ್ಳುವುದು. 2000ದಲ್ಲಿ ಆ ಸೂಚ್ಯಂಕದ ಮೂರನೇ ಒಂದಕ್ಕೂ ಹೆಚ್ಚು ಭಾಗ ಒಂದೇ ಕಂಪನಿಯದ್ದಾಗಿತ್ತು, ನಾರ್ಟೆಲ್. 124 ಡಾಲರ್ ಇದ್ದ ಅದರ ಷೇರು ಎರಡು ವರ್ಷದಲ್ಲಿ ಒಂದು ಡಾಲರ್‌ಗಿಂತ ಕೆಳಗಿಳಿಯಿತು. 2009ರಲ್ಲಿ ದಿವಾಳಿ. ಚಿನ್ನದ ಕಥೆಯೂ ಇದೆ. ಬ್ರೆ-ಎಕ್ಸ್ ಅನ್ನುವ ಕ್ಯಾಲ್ಗರಿಯ ಕಂಪನಿ ಇಂಡೋನೇಷ್ಯಾದಲ್ಲಿ ಭಾರಿ ಚಿನ್ನ ಸಿಕ್ಕಿದೆ ಅಂತ ಹೇಳಿತು. 1997ರಲ್ಲಿ ನೋಡಿದರೆ ಮಾದರಿ ಕಲ್ಲುಪುಡಿಗೆ ಹೊರಗಿನಿಂದ ಚಿನ್ನ ಬೆರೆಸಿದ್ದರು. ಒಂಟಾರಿಯೊ ಶಿಕ್ಷಕರ ಪಿಂಚಣಿ ನಿಧಿಯಂಥ ದೊಡ್ಡವರೂ ಕೋಟಿಗಟ್ಟಲೆ ಕಳೆದುಕೊಂಡರು. ಕಪ್ಪತಗುಡ್ಡದಲ್ಲಿ ಚಿನ್ನ ಐತಂತೆ ಅನ್ನುವ ಮಾತು ಕೇಳಿಕೊಂಡೇ ಬೆಳೆದ ನಮಗೆ ಇದು ಸ್ವಲ್ಪ ಹತ್ತಿರದ ಕಥೆ.

ಬೆಂಗಳೂರು ಏರ್‌ಪೋರ್ಟ್ ಎಲ್ಲಿ ಮಾರಾಟಕ್ಕಿದೆ?

ಕೆನಡಾದ ಷೇರುಗಳಲ್ಲಿ ಕನ್ನಡಿಗರು ನಿಜಕ್ಕೂ ಕುತೂಹಲದಿಂದ ನೋಡಬೇಕಾದದ್ದು ಒಂದಿದೆ. ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಬಹುಪಾಲು ಒಡೆತನ ಇರುವುದು ಫೇರ್‌ಫ್ಯಾಕ್ಸ್ ಇಂಡಿಯಾ ಎಂಬ ಕಂಪನಿಯ ಕೈಯಲ್ಲಿ. ಹೈದರಾಬಾದ್‌ನಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಪ್ರೇಮ್ ವತ್ಸಾ ಅವರ ಸಮೂಹದ್ದು. 2015ರಿಂದ ಟೊರಾಂಟೊ ಷೇರುಪೇಟೆಯಲ್ಲಿದೆ. ಕರ್ನಾಟಕ ಸರ್ಕಾರದ ಪಾಲು ಕೆಎಸ್‌ಐಐಡಿಸಿ ಮೂಲಕ 13%, ವಿಮಾನ ನಿಲ್ದಾಣ ಪ್ರಾಧಿಕಾರದ್ದು 13%. ಅಂದರೆ ನಮ್ಮ ರಾಜಧಾನಿಯ ಏರ್‌ಪೋರ್ಟ್‌ನಲ್ಲಿ ಒಂದು ಚೂರು ಪಾಲು ಬೇಕು ಅಂದರೆ ಗಜೇಂದ್ರಗಡದವನು ಟೊರಾಂಟೊಗೆ ಹೋಗಬೇಕು.

ಹುಡುಗನ ಮುಖ ಅರಳಿತು. "ಇದs ಬೇಕಾಗಿತ್ತು ನೋಡಣ್ಣಾ!"

ತಾಳು, ಅಂದೆ. ಆ ಷೇರು ಕೊಂಡರೆ ಏರ್‌ಪೋರ್ಟ್ ಒಂದೇ ಬರುವುದಿಲ್ಲ. ಜೊತೆಗೆ ಸಿಎಸ್‌ಬಿ ಬ್ಯಾಂಕು, ಐಐಎಫ್‌ಎಲ್ ಮುಂತಾದವುಗಳ ಪಾಲೂ ಬರುತ್ತದೆ. 2024ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಐಐಎಫ್‌ಎಲ್ ಫೈನಾನ್ಸ್‌ಗೆ ಹೊಸ ಚಿನ್ನದ ಸಾಲ ಕೊಡಬೇಡಿ ಅಂತ ಆದೇಶಿಸಿತು, ಸೆಪ್ಟೆಂಬರ್‌ವರೆಗೆ ಅದು ಜಾರಿಯಲ್ಲಿತ್ತು. ಅದರ ಏಟು ಎಷ್ಟೋ ಸಣ್ಣದಾಗಿಯಾದರೂ ಟೊರಾಂಟೊದ ಷೇರುದಾರನಿಗೂ ಬೀಳುತ್ತದೆ.

ಎರಡನೆಯದು, ಕಂಪನಿಯ ಆಸ್ತಿಯ ಲೆಕ್ಕ ಮತ್ತು ಷೇರಿನ ಬೆಲೆ ಒಂದೇ ಇರಬೇಕಿಲ್ಲ. 2023ರ ಕೊನೆಗೆ ಫೇರ್‌ಫ್ಯಾಕ್ಸ್ ಇಂಡಿಯಾದ ಒಂದು ಷೇರಿನ ಹಿಂದೆ ಲೆಕ್ಕಪುಸ್ತಕದ ಪ್ರಕಾರ 21 ಡಾಲರ್‌ಗೂ ಹೆಚ್ಚು ಆಸ್ತಿ ಇತ್ತು, ಪೇಟೆಯಲ್ಲಿ ಷೇರು ಸಿಗುತ್ತಿದ್ದದ್ದು 15 ಡಾಲರ್ ಆಸುಪಾಸಿನಲ್ಲಿ. ಕೆಲವರು ಇದನ್ನು ಅಗ್ಗ ಅನ್ನುತ್ತಾರೆ. ಇನ್ನು ಕೆಲವರು ಕೇಳುವುದು: ಏರ್‌ಪೋರ್ಟ್ ಷೇರುಪೇಟೆಯಲ್ಲೇ ಇಲ್ಲ, ಅದರ ಬೆಲೆ ಇಷ್ಟು ಅಂತ ಹೇಳಿದವರು ಯಾರು? ಕಂಪನಿಯೇ ಮಾಡಿದ ಅಂದಾಜು ಅದು. ಎರಡೂ ನ್ಯಾಯವಾದ ಮಾತು. ಷೇರು ಆರಿಸುವುದು ಅಂದರೆ ಹೆಚ್ಚಿನಂಶ ಇಂಥ ಕಡೆ ಕೂತು ಯಾರ ಮಾತು ನಂಬಲಿ ಅಂತ ಯೋಚಿಸುವುದೇ.

ಬ್ರಾಂಪ್ಟನ್ ಗೆಳೆಯನ ಐಡಿಯಾ

ಇಲ್ಲಿ ನಾನು ಸ್ವಲ್ಪ ಗಾಬರಿಯಾದೆ. ಗೆಳೆಯ ಹೇಳಿದ್ದನಂತೆ: "ನೀನ್ಯಾಕ ತ್ರಾಸ ತಗೋತಿ, ನಾನs ನನ್ನ ಅಕೌಂಟಿನ್ಯಾಗ ತಗೋತೀನಿ. ನಿಮ್ಮಪ್ಪ ಊರಾಗ ನಮ್ಮಪ್ಪಗ ರೊಕ್ಕ ಕೊಡ್ಲಿ."

ಗೆಳೆತನದ ದೃಷ್ಟಿಯಿಂದ ಒಳ್ಳೆಯ ಮಾತೇ. ಕಾನೂನಿನ ದೃಷ್ಟಿಯಿಂದ, ರೂಪಾಯಿ ಇಲ್ಲಿ ಕೊಟ್ಟು ಡಾಲರ್ ಅಲ್ಲಿ ಪಡೆಯುವ, ಬ್ಯಾಂಕನ್ನು ಪೂರ್ತಿ ಬಿಟ್ಟು ಮಾಡುವ ಈ ವ್ಯವಹಾರ ಹವಾಲಾದ ಮಾದರಿಯದ್ದೇ. ಫೆಮಾ ಕಾಯ್ದೆಯಲ್ಲಿ ಮೊತ್ತದ ಮೂರು ಪಟ್ಟಿನವರೆಗೆ ದಂಡಕ್ಕೆ ಅವಕಾಶವಿದೆ. ಅದನ್ನು ಬಿಡಿ, ಷೇರು ಇರುವುದು ಗೆಳೆಯನ ಹೆಸರಿನಲ್ಲಿ. ಲಾಭದ ತೆರಿಗೆ ಅವನಿಗೆ. ನಾಳೆ ಇಬ್ಬರಿಗೂ ಮನಸ್ತಾಪವಾದರೆ ಇವನ ಕೈಯಲ್ಲಿ ಇರುವುದು ವಾಟ್ಸಾಪ್ ಮೆಸೇಜು ಮಾತ್ರ.

ಸರಿಯಾದ ದಾರಿ ಇದೆ. ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಡಿ ಭಾರತದ ನಿವಾಸಿ ವರ್ಷಕ್ಕೆ 2,50,000 ಅಮೆರಿಕನ್ ಡಾಲರ್‌ವರೆಗೆ ಹೊರಗೆ ಕಳಿಸಬಹುದು. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಟಿಸಿಎಸ್ ಇಲ್ಲ, ಅದರ ಮೇಲಿನ ಹೂಡಿಕೆಗೆ 20% ಹಿಡಿದುಕೊಂಡು ರಿಟರ್ನ್ಸ್ ಸಲ್ಲಿಸಿದಾಗ ಹೊಂದಿಸುತ್ತಾರೆ. ಬ್ಯಾಂಕಿನಿಂದ ಬ್ರೋಕರ್ ಖಾತೆಗೆ ಹಣ ಹೋಗುತ್ತದೆ. ಇಲ್ಲಿನ ಹೆಚ್ಚಿನ ಆ್ಯಪ್‌ಗಳು ಅಮೆರಿಕದ ಪೇಟೆಗೆ ಮಾತ್ರ ದಾರಿ ಕೊಡುತ್ತವೆ. ಹಾಗಾಗಿ ನ್ಯೂಟ್ರಿಯನ್, ರಾಯಲ್ ಬ್ಯಾಂಕ್, ಶಾಪಿಫೈ ಥರ ಅಮೆರಿಕದಲ್ಲೂ ಪಟ್ಟಿಯಾದ ಕೆನಡಾ ಕಂಪನಿಗಳು ಸುಲಭಕ್ಕೆ ಸಿಗುತ್ತವೆ. ಫೇರ್‌ಫ್ಯಾಕ್ಸ್ ಇಂಡಿಯಾದಂಥವಕ್ಕೆ ಟೊರಾಂಟೊ ಪೇಟೆಗೆ ನೇರ ಹೋಗುವ ಬ್ರೋಕರ್ ಹುಡುಕಬೇಕು.

ಖರ್ಚಿನ ಲೆಕ್ಕವನ್ನು ಜನ ಮರೆಯುತ್ತಾರೆ. 20,000 ರೂಪಾಯಿ ಕಳಿಸಿ, ಬ್ಯಾಂಕ್ ಶುಲ್ಕ ಮತ್ತು ಡಾಲರ್ ಬದಲಿಸುವ ವ್ಯತ್ಯಾಸ ಸೇರಿ 1,000 ಹೋಯಿತು ಅನ್ನಿ. ಷೇರು 5%ಗಿಂತ ಸ್ವಲ್ಪ ಹೆಚ್ಚೇ ಏರಿದ ಮೇಲೆ ನೀವು ಶೂನ್ಯಕ್ಕೆ ಬಂದಿರಿ. ತಿಂಗಳಿಗೆ 2,000 ಹಾಕುವ ಎಸ್‌ಐಪಿ ರೂಢಿ ಇಲ್ಲಿ ನಡೆಯುವುದಿಲ್ಲ. ಕೆನಡಾದ ಕಂಪನಿ 100 ರೂಪಾಯಿ ಡಿವಿಡೆಂಡ್ ಕೊಟ್ಟರೆ ಸಾಮಾನ್ಯವಾಗಿ ಅಲ್ಲಿಯೇ 25 ಕಡಿತ. ಅದನ್ನು ಇಲ್ಲಿನ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು, ಆದರೆ ಇಲ್ಲಿ ತೆರಿಗೆಯೇ ಬಾರದಷ್ಟು ಆದಾಯದವನು ಏನನ್ನು ಎಲ್ಲಿ ಹೊಂದಿಸಿಕೊಳ್ಳುತ್ತಾನೆ? ಒಂದೇ ಒಂದು ವಿದೇಶಿ ಷೇರಿದ್ದರೂ ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಲೇಬೇಕು, ಆದಾಯ ಮಿತಿಗಿಂತ ಕಡಿಮೆ ಇದ್ದರೂ. ಅದರಲ್ಲಿ ವಿದೇಶಿ ಆಸ್ತಿಯ ಷೆಡ್ಯೂಲ್ ಎಫ್‌ಎ ತುಂಬಬೇಕು. ಇದನ್ನು ಹೇಳಿದಾಗ ಅವನು ಗಿರ್ಮಿಟ್ ತಟ್ಟೆ ಕೆಳಗಿಟ್ಟ.

ಒಂದು ಒಳ್ಳೆಯ ಸುದ್ದಿಯೂ ಇದೆ. ಎಲ್‌ಆರ್‌ಎಸ್ ಹಣದಲ್ಲಿ ವಿದೇಶದಲ್ಲಿ ಸಾಲದ ಮೇಲಿನ ಟ್ರೇಡಿಂಗ್‌ಗೆ, ಮಾರ್ಜಿನ್ ಆಟಕ್ಕೆ ಅವಕಾಶವಿಲ್ಲ. ಒಳ್ಳೆಯದು ಅಂತ ಯಾಕೆ ಅಂದೆ ಅಂದರೆ, ಅದಕ್ಕೆ ಅವಕಾಶವಿರುವ ನಮ್ಮದೇ ಪೇಟೆಯಲ್ಲಿ ಏನಾಗಿದೆ ನೋಡಿ. ಸೆಬಿ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮೂರು ವರ್ಷಗಳಲ್ಲಿ ಎಫ್ ಅಂಡ್ ಒ ಆಡಿದ 1 ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ 93% ಮಂದಿ ಕಳೆದುಕೊಂಡರು, ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ. 2023–24ರಲ್ಲಿ ಆಡಿದವರಲ್ಲಿ 43% ಮಂದಿ 30ರೊಳಗಿನವರು, 72%ಗೂ ಹೆಚ್ಚು ಮಂದಿ ಮೊದಲ 30 ದೊಡ್ಡ ನಗರಗಳ ಆಚೆಯವರು, ನಾಲ್ವರಲ್ಲಿ ಮೂವರ ವಾರ್ಷಿಕ ಆದಾಯ 5 ಲಕ್ಷಕ್ಕಿಂತ ಕಡಿಮೆ. ಆ ಸಾಲುಗಳನ್ನು ಓದುವಾಗ ನನಗೆ ರೋಣದ ಹುಡುಗರ ಮುಖ ಕಂಡವು. ಇದನ್ನು "ದುರಾಸೆ" ಅಂತ ಬೈದು ಮುಗಿಸುವವರನ್ನು ನಾನು ಒಪ್ಪುವುದಿಲ್ಲ. ಡಿಗ್ರಿ ಮುಗಿಸಿದ ಊರಲ್ಲಿ ಕೆಲಸ ಇಲ್ಲ, ಕೈಯಲ್ಲಿ ಫೋನಿದೆ, ಫೋನಿನಲ್ಲಿ ಪೇಟೆ ಇದೆ, ಬ್ರೋಕರ್‌ಗೆ ಪ್ರತಿ ಆರ್ಡರಿಗೂ ಕಮಿಷನ್ ಇದೆ.

ಗಾಳಿಯ ಪಾಲು ಯಾರಿಗೆ

ಈಗ ಅವನ ಹೊಲಕ್ಕೇ ವಾಪಸ್ ಬರೋಣ. ಅವನು ಕೆನಡಾದ ಕಂಪನಿ ಹುಡುಕುತ್ತಿದ್ದಾನೆ. ಕೆನಡಾದವರು ಏನು ಹುಡುಕುತ್ತಿದ್ದಾರೆ ಗೊತ್ತಾ? ಭಾರತದ ಗಾಳಿ. ಕೆನಡಾದ 2 ಕೋಟಿಗೂ ಹೆಚ್ಚು ಜನರ ಪಿಂಚಣಿ ಹಣ ನೋಡಿಕೊಳ್ಳುವ ಸಿಪಿಪಿ ನಿಧಿ 2018ರಲ್ಲಿ ರಿನ್ಯೂ ಕಂಪನಿಯಲ್ಲಿ ಹಣ ಹಾಕಿತು. ಕರ್ನಾಟಕದಲ್ಲೂ ಗಾಳಿ ಘಟಕಗಳಿರುವ ಕಂಪನಿ ಅದು. ನಿಧಿ ಅದರ ಪ್ರಮುಖ ಷೇರುದಾರನಾಗಿ ಬೆಳೆಯಿತು. ರಿನ್ಯೂ ಪಟ್ಟಿಯಾದದ್ದು ಮುಂಬೈಯಲ್ಲಲ್ಲ, 2021ರಲ್ಲಿ ಅಮೆರಿಕದ ನಾಸ್ಡಾಕ್‌ನಲ್ಲಿ. ಕ್ವಿಬೆಕ್ ಮತ್ತು ಒಂಟಾರಿಯೊದ ಇನ್ನೆರಡು ಪಿಂಚಣಿ ನಿಧಿಗಳು ಅಜೂರ್ ಪವರ್ ಎಂಬ ಸೌರ ಕಂಪನಿಯಲ್ಲಿ ಹಾಕಿ ಕೈ ಸುಟ್ಟುಕೊಂಡಿವೆ. 2022ರಲ್ಲಿ ಒಳಗಿನ ಅಕ್ರಮಗಳ ದೂರು, 2023ರಲ್ಲಿ ಅದು ನ್ಯೂಯಾರ್ಕ್ ಪೇಟೆಯಿಂದಲೇ ಹೊರಗೆ. ತಜ್ಞರ ಪಡೆ ಇಟ್ಟುಕೊಂಡವರೂ ತಪ್ಪುತ್ತಾರೆ. ಆದರೆ ಅವರ ಇಂಥ ಒಂದು ತಪ್ಪು ದೊಡ್ಡ ಖಜಾನೆಯ ಒಂದು ಮೂಲೆ. ಇವನ 4 ಲಕ್ಷ ಇಡೀ ಖಜಾನೆ. ಅದಕ್ಕೇ ನಾನು ಅವನಿಗೆ ಹೇಳಿದ್ದು, ಕೆನಡಾದ ಆಸೆ ಇದ್ದರೆ 4 ಲಕ್ಷದಲ್ಲಿ 40,000 ದಾಟಬೇಡ, ಅದನ್ನೂ ಒಂದೇ ಸಲ ಕಳಿಸು, ಅದೂ ಐದು ವರ್ಷ ಮುಟ್ಟುವುದಿಲ್ಲ ಅನ್ನುವುದಾದರೆ ಮಾತ್ರ.

ಅದಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಬೇರೆ. ಒಂದು ಫ್ಯಾನು 20–25 ವರ್ಷ ಕರೆಂಟು ಮಾಡುತ್ತದೆ. ನೆಲ ಕೊಟ್ಟವರಿಗೆ ಒಮ್ಮೆ ರೊಕ್ಕ, ಅಲ್ಲಿಗೆ ಮುಗಿಯಿತು. ನೆಲದ ಬದಲು ಪಾಲು ಕೊಡಿ ಅಂತ ಯಾರೂ ಕೇಳಲಿಲ್ಲ, ಕೇಳಬಹುದು ಅಂತ ಯಾರೂ ಹೇಳಲೂ ಇಲ್ಲ. ಇದೇನು ಕನಸಿನ ಮಾತಲ್ಲ. ಟೊರಾಂಟೊ ನಗರದ ಸರೋವರದ ದಂಡೆಯಲ್ಲಿ 2002ರಲ್ಲಿ ನಿಂತ ಒಂದು ಗಾಳಿಯಂತ್ರವನ್ನು ವಿಂಡ್‌ಷೇರ್ ಎಂಬ ಸಹಕಾರ ಸಂಘ ನಗರದ ವಿದ್ಯುತ್ ಕಂಪನಿಯ ಜೊತೆ ಸೇರಿ ಕಟ್ಟಿತ್ತು. ಷೇರುದಾರರು ನೂರಾರು ಸಾಮಾನ್ಯ ನಿವಾಸಿಗಳು. ಇನ್ನು ಸಹಕಾರಿ ಷೇರು ಅಂದರೆ ನಮಗೆ ಕೆನಡಾ ಕಲಿಸಬೇಕಾ? 1905ರಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಣಗಿನಹಾಳ ಗದಗ ತಾಲ್ಲೂಕಿನಲ್ಲೇ ಇದೆ. ಸಹಕಾರ ಸಂಘದಲ್ಲಿ ಹತ್ತು ಷೇರಿದ್ದವನಿಗೂ ಒಂದೇ ಓಟು, ಒಂದಿದ್ದವನಿಗೂ ಒಂದೇ. 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ಗುಂಡು ತಿಂದ ರೈತರ ತಕರಾರೂ ಇಂಥದ್ದೇ ಆಗಿತ್ತು. ಮಲಪ್ರಭೆ ನೀರಿನಿಂದ ನಿಮ್ಮ ಭೂಮಿ ಸುಧಾರಿಸಿದೆ, ಕರ ಕಟ್ಟಿ ಅಂದಿತ್ತು ಸರ್ಕಾರ. ಸುಧಾರಣೆ ಯಾರ ಹೊಲದಲ್ಲಿ ಆಗಿದೆ ತೋರಿಸಿ ಅಂದಿದ್ದರು ಅವರು. ಈಗ ಫ್ಯಾನು ಹಾಕಲು ಬರುವ ಕಂಪನಿಗಳ ಮುಂದೆ ಪಂಚಾಯಿತಿಗಳು, ರೈತ ಸಂಘಗಳು ವರ್ಷದ ಆದಾಯದಲ್ಲಿ ಪಾಲು, ಅಥವಾ ಕಾಲಕಾಲಕ್ಕೆ ಏರುವ ಬಾಡಿಗೆಯ ಲೀಸ್, ಎರಡರಲ್ಲಿ ಒಂದನ್ನಾದರೂ ಇಡಬಹುದು. ಮಾರುವ ಕಾಗದಕ್ಕೆ ಸಹಿ ಬೀಳುವ ಮುಂಚೆ.

ಹುಡುಗ ಸದ್ಯಕ್ಕೆ ಮೂರು ಲಕ್ಷ ಎಫ್‌ಡಿ ಮಾಡಿದ್ದಾನೆ. ಫೇರ್‌ಫ್ಯಾಕ್ಸ್ ಇಂಡಿಯಾದ ವಾರ್ಷಿಕ ವರದಿ ಡೌನ್‌ಲೋಡ್ ಮಾಡಿಕೊಂಡು ಓದುತ್ತಿದ್ದಾನೆ, ಅರ್ಥವಾಗದ್ದನ್ನು ಗೂಗಲ್ ಅನುವಾದಕ್ಕೆ ಹಾಕಿಕೊಂಡು. ಮೊನ್ನೆ ರಾತ್ರಿ ಫೋನ್ ಮಾಡಿದ್ದ.

"ಅಣ್ಣಾ, ಇದರಾಗ ಪರ್ಫಾರ್ಮೆನ್ಸ್ ಫೀ ಅಂತ ಐತಿ. ಏನದು?"

ಆಸ್ತಿಯ ಮೌಲ್ಯ ವರ್ಷಕ್ಕೆ 5%ಗಿಂತ ಹೆಚ್ಚು ಬೆಳೆದರೆ, ಆ ಹೆಚ್ಚಿನ ಭಾಗದಲ್ಲಿ 20% ಅನ್ನು ನಡೆಸಿಕೊಡುವ ತಾಯಿ ಕಂಪನಿ ತಗೊಳ್ಳುತ್ತದೆ, ಮೂರು ವರ್ಷಕ್ಕೊಮ್ಮೆ ಲೆಕ್ಕ ಮಾಡಿ. ಅದರ ಜೊತೆ ಪ್ರತಿ ವರ್ಷದ ಫೀ ಬೇರೆ ಇದೆ, ಅಂತ ಹೇಳಿದೆ.

"ಅಂದ್ರ ಬೆಲೆ ಬಿದ್ದ ವರ್ಷಾನೂ ದಲಾಲಿ ತಪ್ಪಂಗಿಲ್ಲೇನು?"

ವರ್ಷದ ಫೀ ತಪ್ಪಂಗಿಲ್ಲ, ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೂ ಅರವತ್ತು ಪುಟ ಓದುವುದಿದೆ ಅಂತ ಫೋನ್ ಇಟ್ಟ.